ನೀರು ಹಾಕುವ ಮುನ್ನ ಮಣ್ಣು ಮುಟ್ಟಿ ನೋಡಿ

ಅಕ್ಕಲಕೋಟದಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಮ್ಯಾಟ್ರಿಕ್ ಮುಗಿದ ವರ್ಷವೇ ತಂದೆಯವರು ನನ್ನನ್ನು ತಕ್ಕಡಿಯ ಮುಂದೆ ಕೂಡ್ರಿಸಿದರು. ಅಂದಿನಿಂದ ನಲವತ್ತು ವರ್ಷಕ್ಕೂ ಮೇಲೆ ಬೇಳೆ, ಬೆಲ್ಲ, ಎಣ್ಣೆಗಳ ಲೆಕ್ಕದಲ್ಲಿಯೇ ಕಳೆದಿವೆ. ಇಂಥವನು ಗಿಡಗಳ ಬಗೆಗೆ ಬರೆಯುವುದೇ ಎಂದು ವಾಚಕರು ಕೇಳಬಹುದು. ಆದರೆ ಒಂದು ಒಳ್ಳೆಯ ಗಿಡವನ್ನು ಪ್ರೀತಿಯಿಂದಲೇ ಸಾವಿನ ಬಾಗಿಲಿಗೆ ಒಯ್ದು, ಅಲ್ಲಿಂದ ಅರ್ಧವನ್ನಷ್ಟೇ ಹಿಂದಕ್ಕೆ ತಂದವನು ನಾನು. ಆ ತಪ್ಪು ಇತರರ ಮನೆಯಲ್ಲಿ ಆಗಬಾರದೆಂದು ಈ ನಾಲ್ಕು ಮಾತು.

ಮೊಮ್ಮಗಳ ಗಿಡ

ನನ್ನ ಮೊಮ್ಮಗಳು ಐದನೆಯ ಇಯತ್ತೆಯಲ್ಲಿದ್ದಾಗ ಅವಳ ಶಾಲೆಯ ಬಾಯಿಯವರು ಒಂದು ಬೆರಳುದ್ದದ ಟೊಂಗೆ ಕೊಟ್ಟಿದ್ದರು. ಅದು ಜೇಡ್ ಗಿಡ. ಹೆಬ್ಬೆರಳಿನಷ್ಟು ದಪ್ಪ, ಹೊಳೆಯುವ ಹಸಿರು ಎಲೆಗಳು. ಜೇಡ್ ಎಂಬ ಹಸಿರು ಕಲ್ಲಿನ ಹೆಸರೇ ಅದಕ್ಕೆ ಬಂದಿದೆ. ಆರು ವರ್ಷದಲ್ಲಿ ಅದು ಮೊಳಕಾಲೆತ್ತರ ಬೆಳೆದು, ಬುಡ ಆನೆಯ ಕಾಲಿನಂತೆ ದಪ್ಪಗಾಗಿತ್ತು. ಶಾಲೆಯಿಂದ ಬಂದೊಡನೆ ಪಾಟಿಚೀಲ ಇಡುವ ಮೊದಲು ಅವಳು ಅದರ ಮುಂದೆ ನಿಲ್ಲುತ್ತಿದ್ದಳು.

2022ರ ಮಳೆಗಾಲದ ಆರಂಭದಲ್ಲಿ ಅವಳು ಹನ್ನೊಂದನೆಯ ಇಯತ್ತೆಗೆಂದು ಪುಣೆಯ ವಸತಿಗೃಹಕ್ಕೆ ಹೋದಳು. ಹೋಗುವಾಗ ಹೇಳಿದ್ದು ಒಂದೇ ಮಾತು: "ಅಜ್ಜಾ, ಇದಕ್ಕ ಭಾಳ ನೀರ ಹಾಕಬ್ಯಾಡ. ಮಣ್ಣ ಒಣಗಿದ ಮ್ಯಾಲ ಅಷ್ಟ ಹಾಕು."

ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮಗು ಊರು ಬಿಟ್ಟು ಹೋಯಿತಲ್ಲ, ಅವಳ ಗಿಡವನ್ನಾದರೂ ಚೆನ್ನಾಗಿ ನೋಡಿಕೊಳ್ಳೋಣವೆಂದು ಸೊಲ್ಲಾಪುರದ ಪೇಟೆಯಿಂದ ಒಂದು ಚಂದದ ಚೀನಿಮಣ್ಣಿನ ಕುಂಡ ತಂದೆ. ಅದರ ಬುಡದಲ್ಲಿ ತೂತು ಇರಲಿಲ್ಲ. ಪಡಸಾಲೆ ರಾಡಿಯಾಗುವುದಿಲ್ಲವೆಂದು ಅದೇ ನನಗೆ ಹಿಡಿಸಿತು. ಹೊಲದಿಂದ ಎರೆಮಣ್ಣು ತರಿಸಿ ತುಂಬಿದೆ. ಜೋಳ ಅಷ್ಟು ಚೆನ್ನಾಗಿ ಬರುವ ಮಣ್ಣಿನಲ್ಲಿ ಇದೊಂದು ಗಿಡ ಬಾರದೆ ಹೋದೀತೇ ಎಂಬ ವಿಚಾರ. ಬೆಳಿಗ್ಗೆ ಅಂಗಡಿಗೆ ಹೊರಡುವ ಮುನ್ನ ಒಂದು ತಂಬಿಗೆ ನೀರು ಹಾಕುವ ರೂಢಿಯನ್ನೂ ಇಟ್ಟುಕೊಂಡೆ.

ಆಗಸ್ಟ್ ಮುಗಿಯುವ ಹೊತ್ತಿಗೆ ಕೆಳಗಿನ ಎಲೆಗಳು ಹಳದಿಯಾದವು. ದಶಲಕ್ಷಣ ಪರ್ವ ಮುಗಿದ ವಾರದಲ್ಲಿ ಟೊಂಗೆಗಳು ಜೋತು ಬಿದ್ದವು. ಎಲೆ ಮುಟ್ಟಿದರೆ ಉದುರುತ್ತಿತ್ತು. ಬಾಡಿದ ಗಿಡ ಕಂಡರೆ ಯಾರಾದರೂ ಏನು ಮಾಡುತ್ತಾರೆ? ನಾನೂ ಅದನ್ನೇ ಮಾಡಿದೆ. ಸಂಜೆಗೆ ಇನ್ನೊಂದು ತಂಬಿಗೆ ಹೆಚ್ಚಿಸಿದೆ.

ರವಿವಾರ ಮೊಮ್ಮಗಳ ಫೋನು ಬಂದಾಗ, "ಗಿಡ ಹೆಂಗೈತಿ ಅಜ್ಜಾ?" ಎಂದು ಕೇಳಿದಳು. "ಆರಾಮ ಐತಿ" ಅಂದೆ. ಅಂಗಡಿಯಲ್ಲಿ ಒಂದು ಗ್ರಾಮಿನ ಸುಳ್ಳು ಹೇಳದವನು ಮಗುವಿಗೆ ಹೇಳಿದೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಕುಂಡ ಬೋರಲು ಹಾಕಿದಾಗ

ಮರುದಿನ ಕುಂಡವನ್ನು ಗಾಡಿಯಲ್ಲಿಟ್ಟುಕೊಂಡು ಸೊಲ್ಲಾಪುರ ರಸ್ತೆಯ ಒಂದು ನರ್ಸರಿಗೆ ಹೋದೆ. ಅಲ್ಲಿಯ ಮಾಲಿ ಎಲೆಯನ್ನು ನೋಡಲೇ ಇಲ್ಲ. ಮಣ್ಣಿನಲ್ಲಿ ಬೆರಳು ಊರಿ, ಮೂಗಿನ ಹತ್ತಿರ ಹಿಡಿದು, "ಸಾವಕಾರ್ರ, ಗಿಡಕ್ಕ ನೀರಡಿಕಿ ಆಗಿಲ್ಲರಿ. ಮುಳುಗಿ ಸಾಯಾಕತ್ತೈತಿ" ಎಂದ.

ಕುಂಡವನ್ನು ಬೋರಲು ಹಾಕಿದಾಗ ಕೆಳಗಿನ ಮಣ್ಣು ಅಂಬಲಿಯಂತೆ ಇಳಿಯಿತು. ಹಳಸಿದ ವಾಸನೆ. ಬೇರುಗಳು ಕಂದಾಗಿ, ಎಳೆದರೆ ಸಿಪ್ಪೆ ಕೈಯಲ್ಲಿ ಬಂದು ಒಳಗಿನ ನೂಲಷ್ಟೇ ಉಳಿಯುತ್ತಿತ್ತು. ಆನೆಯ ಕಾಲಿನಂತಿದ್ದ ಬುಡ ಒತ್ತಿದರೆ ಬೆಂದ ಗೆಣಸಿನಂತೆ ಮೆತ್ತಗೆ.

ಮನೆಗೆ ಬಂದು ಹೇಳಿದಾಗ ನಮ್ಮ ಮನೆಯವರು ಅಂದದ್ದು ಇಷ್ಟೇ: "ಉದ್ರಿ ಕೊಡೂ ಮುಂದ ಹತ್ತು ಸಲ ಖಾತೆ ತಗದು ನೋಡ್ತೀರಿ. ನೀರ ಹಾಕೂ ಮುಂದ ಒಮ್ಮೆ ಮಣ್ಣ ಮುಟ್ಟಿ ನೋಡಬೇಕಿತ್ತಿಲ್ಲ?"

ನನಗೆ ಉತ್ತರ ಹೊಳೆಯಲಿಲ್ಲ. ಆ ಮಾತನ್ನೇ ಈ ಲೇಖನದ ತಲೆಬರಹ ಮಾಡಿದ್ದೇನೆ.

ಎಲೆಯೇ ಉಗ್ರಾಣ

ನಮ್ಮ ಅಂಗಡಿಯ ಬಾಗಿಲಿಗೆ ದೃಷ್ಟಿ ತಾಗಬಾರದೆಂದು ಯಾರೋ ಹಿಂದೆ ಒಂದು ಲೋಳಸರದ ಗಿಡವನ್ನು ಬೇರು ಮೇಲೆ ಮಾಡಿ ಕಟ್ಟಿದ್ದರು. ಮರಾಠಿಯವರು ಕೋರಫಡ ಅನ್ನುವುದು ಇದಕ್ಕೇ. ದೃಷ್ಟಿಯ ಮಾತು ಹಾಗಿರಲಿ. ಮಣ್ಣಿಲ್ಲ, ನೀರಿಲ್ಲ, ಆದರೂ ಒಂದು ವರ್ಷ ದಾಟಿ ಅದು ಜೀವ ಹಿಡಿದಿತ್ತು. ಎಲೆಯ ತುದಿಗಳು ಬಾಗಿ ಮೇಲಕ್ಕೆ ಮುಖ ಮಾಡಿದ್ದವು. ಅಂಗಡಿಯಲ್ಲಿ ಯಾರೂ ಕೇಳದ ಗಿಡ ಬದುಕಿತು, ಮನೆಯಲ್ಲಿ ದಿನಾಲು ಉಪಚಾರ ಪಡೆದ ಗಿಡ ಸಾಯಲು ಬಿತ್ತು. ಇದು ಹೇಗೆ?

ನಮ್ಮ ಅಳಿಯಂದಿರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾರೆ. ಅವರು ತಿಳಿಸಿ ಹೇಳಿದರು. ಜೇಡ್, ಲೋಳಸರ, ಕಳ್ಳಿ, ಕಾಡುಬಸಳೆ ಇವೆಲ್ಲ ಬರಗಾಲದ ಗಿಡಗಳು. ಜೇಡ್ ಗಿಡದ ತವರು ದಕ್ಷಿಣ ಆಫ್ರಿಕೆಯ ಕಲ್ಲುಗುಡ್ಡಗಳ ಇಳಿಜಾರು. ಅಲ್ಲಿ ಮಳೆ ಬಂದರೂ ನೀರು ನಿಲ್ಲುವುದಿಲ್ಲ. ಬಂದಾಗ ಕುಡಿದು ಎಲೆಯಲ್ಲಿ, ಕಾಂಡದಲ್ಲಿ ದಾಸ್ತಾನು ಮಾಡಿಕೊಂಡು, ಬಾರದಾಗ ಅದನ್ನೇ ಉಂಡು ಬದುಕುತ್ತದೆ. ಎಲೆ ದಪ್ಪಗಿರುವುದು ಅದಕ್ಕಾಗಿಯೇ.

ಇನ್ನೊಂದು ಚಮತ್ಕಾರವಿದೆ. ಸಾಮಾನ್ಯ ಗಿಡಗಳು ಹಗಲು ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆದು ಗಾಳಿಯಿಂದ ಇಂಗಾಲದ ಡೈ ಆಕ್ಸೈಡ್ ಹೀರುತ್ತವೆ. ಆಗ ಒಳಗಿನ ನೀರೂ ಆವಿಯಾಗಿ ಹೋಗುತ್ತದೆ. ಈ ಜಾತಿಯವು ತಂಪಾದ ರಾತ್ರಿಯಲ್ಲಿ ಬಾಗಿಲು ತೆರೆದು ಗಾಳಿಯನ್ನು ಒಳಗೆ ತೆಗೆದುಕೊಂಡು ಹುಳಿಯ ರೂಪದಲ್ಲಿ ಕೂಡಿಡುತ್ತವೆ. ಹಗಲು ಬಾಗಿಲು ಮುಚ್ಚಿಕೊಂಡು, ಬಿಸಿಲಿನ ಬಲದಿಂದ ಆ ದಾಸ್ತಾನಿನಲ್ಲಿಯೇ ಅಡುಗೆ ಮಾಡುತ್ತವೆ. ಹೀಗಾಗಿ ನೀರಿನ ಖರ್ಚು ಬಹಳ ಕಡಿಮೆ.

ಈ ಹುಳಿಯ ಗುಟ್ಟಿಗೆ ನಮ್ಮ ಕನ್ನಡ ನಾಡಿನ ಸಂಬಂಧವೂ ಇದೆ. 1800ರ ನಂತರದ ಕೆಲವು ವರ್ಷ ಬೆಂಗಳೂರಿನ ಲಾಲ್‌ಬಾಗಿನ ಮೇಲ್ವಿಚಾರಣೆ ನೋಡಿದ ಬೆಂಜಮಿನ್ ಹೇನ್ ಎಂಬ ವೈದ್ಯರಿದ್ದರು. ಅವರು ಕಾಡುಬಸಳೆಯ ಎಲೆಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ರುಚಿ ನೋಡಿದರು. ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ! ಅವರ ಈ ಬರಹ 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ರಾತ್ರಿ ಕೂಡಿಟ್ಟ ಹುಳಿ ಹಗಲು ಖರ್ಚಾಗುವುದೇ ಇದರ ಕಾರಣವೆಂದು ಮುಂದೆ ವಿಜ್ಞಾನಿಗಳು ಕಂಡುಕೊಂಡರು.

ಇಂಥ ಮಿತವ್ಯಯದ ಗಿಡಕ್ಕೆ ದಿನಕ್ಕೆರಡು ತಂಬಿಗೆ ನೀರು ಹಾಕಿದರೆ ಏನಾಗಬೇಕು? ಬೇರಿಗೂ ಉಸಿರಾಟ ಬೇಕು. ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗದಲ್ಲೆಲ್ಲ ನೀರು ನಿಂತರೆ ಬೇರು ಉಸಿರುಗಟ್ಟಿ ಸಾಯುತ್ತದೆ. ಸತ್ತ ಬೇರಿಗೆ ಬೂಜು ಹತ್ತಿ ಕೊಳೆತ ಬುಡಕ್ಕೇರುತ್ತದೆ. ಬೇರು ಸತ್ತ ಮೇಲೆ ಸುತ್ತ ನೀರಿದ್ದರೂ ಕುಡಿಯಲು ಬಾಯಿಯೇ ಇಲ್ಲ. ಆದ್ದರಿಂದ ಎಲೆ ಬಾಡುತ್ತದೆ. ನೀರಿಲ್ಲದೆ ಬಾಡಿದ ಗಿಡವೂ ಜೋಲುತ್ತದೆ, ನೀರು ಹೆಚ್ಚಾಗಿ ಬಾಡಿದ ಗಿಡವೂ ಜೋಲುತ್ತದೆ. ನಾವು ಮೋಸ ಹೋಗುವುದು ಇಲ್ಲಿಯೇ.

ಏನಾಗಿದೆಯೆಂದು ಗುರುತಿಸುವುದು ಹೇಗೆ?

ಎಲೆ ಜೋತಿರುವುದನ್ನು ಕಂಡೊಡನೆ ತಂಬಿಗೆಗೆ ಕೈ ಹಾಕಬೇಡಿ. ಮೊದಲು ಮಣ್ಣಿನಲ್ಲಿ ಬೆರಳನ್ನು ಎರಡು ಗೆಣ್ಣಿನಷ್ಟು ಇಳಿಸಿ ನೋಡಿ. ಕುಂಡ ಆಳವಾಗಿದ್ದರೆ ಕಸಬರಿಗೆಯ ಒಂದು ಒಣ ಕಡ್ಡಿಯನ್ನು ತಳದವರೆಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಮಣ್ಣು ಅಂಟಿ ಬಂದರೆ ಒಳಗೆ ಹಸಿಯಿದೆ. ಬಳಿಕ ಎಲೆಯನ್ನೂ ಬುಡವನ್ನೂ ಮೆಲ್ಲಗೆ ಒತ್ತಿ ನೋಡಿ.

1. ಮಣ್ಣು ಒಣಗಿ, ಕುಂಡ ಹಗುರಾಗಿ, ಎಲೆ ತೆಳುವಾಗಿ ಮುದುಕರ ಕೈಯಂತೆ ಸುಕ್ಕುಗಟ್ಟಿ, ಬುಡ ಮಾತ್ರ ಗಟ್ಟಿಯಾಗಿದ್ದರೆ ಅದು ನೀರಡಿಕೆ. ಇದು ಚಿಂತೆಯ ವಿಷಯವಲ್ಲ.

2. ಮಣ್ಣು ಹಸಿಯಿದ್ದು, ಎಲೆ ಹಳದಿಯಾಗಿ ಮೆತ್ತಗೆ, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಂಡು, ಮುಟ್ಟಿದರೆ ಉದುರಿದರೆ ನೀರು ಹೆಚ್ಚಾಗಿದೆ. ಬುಡ ಕಂದು ಅಥವಾ ಕಪ್ಪಾಗಿ ಮೆತ್ತಗಾಗಿದ್ದರೆ ಕೊಳೆತ ಮೇಲೇರಿದೆ.

3. ಮಣ್ಣು ಹಸಿಯಿದೆ, ಆದರೆ ಎಲೆ ಸುಕ್ಕುಗಟ್ಟಿದೆ. ಹೆಚ್ಚು ಜನ ಮೋಸ ಹೋಗುವುದು ಇದರಲ್ಲಿಯೇ. ಇದು ನೀರಡಿಕೆಯಲ್ಲ, ಬೇರು ಹೋಗಿದೆ ಎಂಬುದರ ಗುರುತು. ಇನ್ನೊಂದು ಹನಿಯನ್ನೂ ಹಾಕಬಾರದು.

4. ಕಾಂಡ ಸಣ್ಣಗೆ ಉದ್ದವಾಗಿ ಬೆಳೆದು, ಎಲೆಗಳ ನಡುವೆ ಅಂತರ ಹೆಚ್ಚಾಗಿ, ಗಿಡ ಕಿಟಕಿಯ ಕಡೆಗೆ ವಾಲಿದ್ದರೆ ಅದಕ್ಕೆ ಬೇಕಾದದ್ದು ಬೆಳಕು. ಹೀಗೆ ಚಾಚಿದ ಕಾಂಡ ಮತ್ತೆ ಗಿಡ್ಡವಾಗುವುದಿಲ್ಲ. ತುದಿ ಕತ್ತರಿಸಿದರೆ ಕೆಳಗಿನಿಂದ ಹೊಸ ಚಿಗುರು ಬರುತ್ತದೆ.

5. ಎಲೆಯ ಮೇಲೆ ಒಣಗಿದ ಕಂದು ಅಥವಾ ಬಿಳಿಚಿದ ಕಲೆಗಳಿದ್ದರೆ ಬಿಸಿಲು ಸುಟ್ಟಿದೆ. ನೆರಳಿನ ಗಿಡವನ್ನು ಒಮ್ಮೆಲೆ ಏಪ್ರಿಲ್ ಬಿಸಿಲಿಗೆ ಇಟ್ಟರೆ ಹೀಗಾಗುತ್ತದೆ. ಎಲೆಯ ಅಂಚು ಮಾತ್ರ ಕೆಂಪಾದರೆ ಹೆದರಬೇಕಿಲ್ಲ. ಒಳ್ಳೆಯ ಬೆಳಕಿನಲ್ಲಿ ಅದು ಸಹಜ.

6. ಎಲೆಯ ಸಂದಿಯಲ್ಲಿ ಅರಳೆಯಂತೆ ಬಿಳಿ ಅಂಟಿದ್ದರೆ ಅದು ಹಿಟ್ಟುತಿಗಣೆ, ಗಿಡದ ರಸ ಹೀರುವ ಕೀಟ. ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ ಒರೆಸುವುದು ಎಲ್ಲರೂ ಹೇಳುವ ಉಪಾಯ. ಜೀವಹಿಂಸೆಗೆ ಮನಸ್ಸು ಒಪ್ಪದ ನಮ್ಮ ಮನೆಗಳಲ್ಲಿ ಆರಂಭದಲ್ಲಿಯೇ ನೋಡಿ, ಮೆತ್ತಗಿನ ಕುಂಚದಿಂದ ಹೊರಗೆ ಬಯಲಿನಲ್ಲಿ ಬಿಡಿಸಿ, ಬಹಳ ಹತ್ತಿದ ಟೊಂಗೆಯನ್ನು ಕತ್ತರಿಸಿ ದೂರ ಇಡುವುದುಂಟು. ಗಾಳಿ ಬೆಳಕು ಚೆನ್ನಾಗಿದ್ದು, ವಾರಕ್ಕೊಮ್ಮೆ ಎಲೆ ಒರೆಸುತ್ತಿದ್ದರೆ ಇದರ ಕಾಟ ಕಡಿಮೆ.

ಉಪಚಾರ

ನೀರಡಿಕೆಯಾದ ಗಿಡಕ್ಕೆ ಚಮಚದಿಂದ ದಿನಾಲು ನೀರು ಹನಿಸಿ ಪ್ರಯೋಜನವಿಲ್ಲ. ಬಹಳ ಒಣಗಿದ ಮಣ್ಣು, ಅದರಲ್ಲೂ ನರ್ಸರಿಯವರು ತುಂಬುವ ತೆಂಗಿನ ನಾರಿನ ಪುಡಿ, ನೀರನ್ನು ಹೀರದೆ ಬದಿಯಿಂದ ಕೆಳಗೆ ಬಿಡುತ್ತದೆ. ಕುಂಡವನ್ನು ಅರ್ಧ ತಾಸು ನೀರಿನ ಬೋಗುಣಿಯಲ್ಲಿಟ್ಟು, ಮೇಲಿನ ಮಣ್ಣು ಹಸಿಯಾದೊಡನೆ ತೆಗೆದು ಚೆನ್ನಾಗಿ ಬಸಿಯಲು ಬಿಡಿ. ಕೆಲವೇ ದಿನಗಳಲ್ಲಿ ಎಲೆ ಮತ್ತೆ ತುಂಬಿಕೊಳ್ಳುತ್ತದೆ.

ನೀರು ಹೆಚ್ಚಾದ ಗಿಡವನ್ನು ಕುಂಡದಿಂದ ಹೊರಗೆ ತೆಗೆಯಲೇಬೇಕು. ಹಸಿ ಮಣ್ಣನ್ನು ಉದುರಿಸಿ ಬೇರು ನೋಡಿ. ಬಿಳಿಯದಾಗಿ ಗಟ್ಟಿಯಿರುವುದು ಜೀವಂತ ಬೇರು. ಕಂದಾಗಿ ಮೆತ್ತಗಿರುವುದನ್ನು ಕತ್ತರಿಯಿಂದ ತೆಗೆಯಿರಿ. ಎರಡು ಮೂರು ದಿನ ನೆರಳಿನಲ್ಲಿ ಬೇರು ಬರಿದಾಗಿಯೇ ಒಣಗಲು ಬಿಟ್ಟು, ಹೊಸ ಒಣ ಮಣ್ಣಿನಲ್ಲಿ ನೆಡಿ. ನೀರು ಒಂದು ವಾರದ ಮೇಲೆ.

ಬುಡವೇ ಕೊಳೆತಿದ್ದರೆ, ನನ್ನ ಗಿಡಕ್ಕೆ ಆದಂತೆ, ಬುಡದ ಆಸೆ ಬಿಡಬೇಕು. ಆರು ವರ್ಷದ ಬುಡದ ಮೇಲೆ ಚಾಕು ಇಡಲು ನನಗೆ ಕೈ ಬರಲಿಲ್ಲ, ಮಾಲಿಯೇ ಕತ್ತರಿಸಿದ. ಒಂದು ಕೊಯ್ತ ಕೊಯ್ದು ನೋಡಿದರೆ ಒಳಗೆ ಕಂದು ಉಂಗುರ. ಇನ್ನೂ ಮೇಲೆ ಕೊಯ್ದರೆ ಮತ್ತೆ ಕಂದು. ಒಳಗೆ ಪೂರ್ತಿ ಸ್ವಚ್ಛ ಹಸಿರು ಕಾಣುವವರೆಗೆ ಹೋಗಬೇಕು, ಪ್ರತಿ ಕೊಯ್ತಕ್ಕೂ ಚಾಕು ಒರೆಸಬೇಕು. ಸ್ವಲ್ಪ ಕಂದು ಉಳಿದರೂ ಕೊಳೆತ ಮುಂದುವರಿಯುತ್ತದೆ. ಕೊನೆಗೆ ಉಳಿದದ್ದು ಗೇಣುದ್ದದ ಮೂರು ಟೊಂಗೆ.

ಅವನ್ನು ಒಂದು ವಾರ ಮಾಡದಲ್ಲಿ ಹಾಗೆಯೇ ಒಣಗಲು ಇಟ್ಟೆ. ಕೊಯ್ದ ಜಾಗ ಬಿಗಿದು ತೊಗಲಿನಂತಾಗಬೇಕು. ಹಸಿ ಗಾಯದಿಂದಲೇ ನೆಟ್ಟರೆ ಮತ್ತೆ ಕೊಳೆಯುತ್ತದೆ. ಆಮೇಲೆ ಉಸುಕು ಬೆರೆತ ಮಣ್ಣಿನಲ್ಲಿ ಎರಡು ಬೆರಳು ಆಳ ಊರಿ, ಎಂಟು ದಿನ ನೀರು ಹಾಕಲಿಲ್ಲ. ಆ ಎಂಟು ದಿನ ನನಗೆ ಉಪವಾಸಕ್ಕಿಂತ ಕಠಿಣವಾದವು. ಬೆಳಿಗ್ಗೆ ಎದ್ದೊಡನೆ ಕೈ ತಂಬಿಗೆಯತ್ತ ಹೋಗುತ್ತಿತ್ತು. ನಾಲ್ಕನೆಯ ವಾರ ಟೊಂಗೆಯನ್ನು ಮೆಲ್ಲಗೆ ಎಳೆದು ನೋಡಿದೆ, ಅಲುಗಲಿಲ್ಲ. ಬೇರು ಬಿಟ್ಟಿತ್ತು.

ಜೇಡ್ ಗಿಡದ ಒಂದು ಆರೋಗ್ಯವಂತ ಎಲೆಯನ್ನು ಬುಡಸಮೇತ ಬಿಡಿಸಿ ಉಸುಕಿನ ಮೇಲಿಟ್ಟರೂ ಸಾವಕಾಶವಾಗಿ ಮರಿ ಬರುತ್ತದೆ. ಲೋಳಸರದ ಎಲೆಯಿಂದ ಹೀಗೆ ಬರುವುದಿಲ್ಲ. ಅದರ ಬುಡದ ಮರಿಗಳನ್ನೇ ಬೇರ್ಪಡಿಸಬೇಕು. ಕಳ್ಳಿಯ ಜಾತಿಯದನ್ನು ಕತ್ತರಿಸುವಾಗ ಅದರ ಹಾಲು ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ, ಮಕ್ಕಳನ್ನು ದೂರವಿಡಿ.

ಮಣ್ಣು, ಕುಂಡ, ತೂಕ

ನಮ್ಮ ಎರೆಮಣ್ಣನ್ನು ನಾನು ಹಳಿಯುವುದಿಲ್ಲ. ಮಳೆ ನಿಂತ ಮೇಲೆ ಬಿತ್ತಿದ ಹಿಂಗಾರಿ ಜೋಳ ಹೆಚ್ಚಾಗಿ ಒಡಲಿನ ಹಸಿಯ ಮೇಲೆಯೇ ಬೆಳೆದು ಬರುವುದು ಈ ಮಣ್ಣಿನ ಗುಣದಿಂದ. ಆದರೆ ಹೊಲದಲ್ಲಿ ಅನ್ನ ಕೊಡುವ ಗುಣವೇ ಕುಂಡದಲ್ಲಿ ಈ ಗಿಡಕ್ಕೆ ವಿಷವಾಯಿತು. ಹಸಿಯಾದಾಗ ಉಬ್ಬಿ ಗಾಳಿಯ ದಾರಿ ಮುಚ್ಚುತ್ತದೆ, ಒಣಗಿದಾಗ ಬಿರಿದು ಬೇರು ಹರಿಯುತ್ತದೆ.

ಈಗ ನಾನು ಮಾಡುವ ಮಿಶ್ರಣ ಇದು: ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ದಪ್ಪ ಉಸುಕು, ಅರ್ಧ ಪಾಲು ಇಟ್ಟಂಗಿ ಚೂರು, ಅರ್ಧ ಪಾಲು ಚೆನ್ನಾಗಿ ಕಳಿತ ಗೊಬ್ಬರ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆಯಾಗದೆ ಉದುರಬೇಕು. ಕುಂಡ ಸುಟ್ಟ ಮಣ್ಣಿನದೇ ಇರಲಿ. ಅದರ ಗೋಡೆಯಿಂದಲೂ ಹಸಿ ಆರುತ್ತದೆ. ತಳದಲ್ಲಿ ತೂತು ಇರಲೇಬೇಕು. ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಚೀನಿಮಣ್ಣಿನ ಕುಂಡದ ಮೇಲೆಯೇ ಆಸೆಯಿದ್ದವರು ತೂತಿನ ಕುಂಡವನ್ನು ಅದರೊಳಗಿಟ್ಟು, ನೀರು ಹಾಕುವಾಗ ಮಾತ್ರ ಹೊರಗೆ ತೆಗೆಯಲಿ.

ನೀರಿಗೆ ವಾರದ ಲೆಕ್ಕ ಬೇಡ, ಮಣ್ಣಿನ ಲೆಕ್ಕವಿರಲಿ. ನಮ್ಮ ಕಡೆಯ ಬೇಸಿಗೆಯಲ್ಲಿ ಎಂಟು ಹತ್ತು ದಿನಕ್ಕೊಮ್ಮೆ ಬೇಕಾದೀತು, ಚಳಿಯಲ್ಲಿ ಮೂರು ವಾರಕ್ಕೊಮ್ಮೆ ಸಾಕಾದೀತು. ಮಳೆಗಾಲದಲ್ಲಿ ಸೂರಿನ ಕೆಳಗಿಡುವುದೇ ಲೇಸು; ಸಪ್ಟೆಂಬರಿನ ದೊಡ್ಡ ಮಳೆಗಳಲ್ಲಿ ಬಯಲಿಗಿಟ್ಟರೆ ನನ್ನ ತಂಬಿಗೆಯ ಕೆಲಸವನ್ನು ಆಕಾಶವೇ ಮಾಡುತ್ತದೆ. ಮುಂಜಾನೆಯ ಬಿಸಿಲು ಒಳ್ಳೆಯದು, ಏಪ್ರಿಲ್ ಮೇ ತಿಂಗಳ ನಡು ಮಧ್ಯಾಹ್ನದ ಬಿಸಿಲು ಬೇಡ.

ಅಂಗಡಿಕಾರನ ಬುದ್ಧಿ ಎಲ್ಲಿ ಹೋಗುತ್ತದೆ! ನಾನೊಂದು ಕುಂಡವನ್ನು ಅಂಗಡಿಯ ಕಾಟಾದ ಮೇಲೆ ತೂಗಿದೆ. ನೀರುಂಡು ಬಸಿದಾಗ 2 ಕಿಲೊ 750 ಗ್ರಾಂ, ಪೂರ್ತಿ ಒಣಗಿದಾಗ 2 ಕಿಲೊ 400. ಎರಡು ಮೂರು ಸಲ ಎತ್ತಿ ಇಳಿಸಿದರೆ ಕೈಗೇ ವ್ಯತ್ಯಾಸ ತಿಳಿಯುತ್ತದೆ. ದಿನಾಲು ಹಿಟ್ಟು ಬೇಳೆ ಎತ್ತುವ ನಮ್ಮ ತಾಯಂದಿರ ಕೈಗೆ ಇದು ಇನ್ನೂ ಸುಲಭ.

ದೀಪಾವಳಿಗೆ ಬಂದಾಗ

ಅಕ್ಟೋಬರಿನಲ್ಲಿ ದೀಪಾವಳಿಗೆ ಮೊಮ್ಮಗಳು ಬಂದಳು. ಹೊಸ್ತಿಲು ದಾಟಿದೊಡನೆ ಪಡಸಾಲೆಯ ಮೂಲೆ ನೋಡಿದಳು. ಮೊಳಕಾಲೆತ್ತರದ ಗಿಡವಿದ್ದ ಜಾಗದಲ್ಲಿ ಮೂರು ಸಣ್ಣ ಕುಂಡ, ಮೂರು ಟೊಂಗೆ. ಮುಚ್ಚಿಡುವಂಥದು ಏನೂ ಉಳಿದಿರಲಿಲ್ಲ. ಚೀನಿಮಣ್ಣಿನ ಕುಂಡ, ಎರೆಮಣ್ಣು, ಎರಡು ತಂಬಿಗೆ, ಫೋನಿನಲ್ಲಿ ಹೇಳಿದ ಸುಳ್ಳು ಎಲ್ಲವನ್ನೂ ಅವಳ ಮುಂದೆ ಒಪ್ಪಿಸಿದೆ. ಅವಳು ಏನೂ ಅನ್ನಲಿಲ್ಲ. ಆ ಸಂಜೆ ಊಟಕ್ಕೆ ಕೂತಾಗಲೂ ನನ್ನ ಕಡೆ ನೋಡಲಿಲ್ಲ.

ಮರುದಿನ ಮುಂಜಾನೆ ನಾನು ಎದ್ದು ಬಂದಾಗ ಅವಳು ಮೂರೂ ಕುಂಡಗಳನ್ನು ಬೆಳಕಿಗೆ ಸರಿಸಿ, ಒಂದೊಂದರ ಮಣ್ಣಿನಲ್ಲಿ ಬೆರಳು ಇಟ್ಟು ನೋಡುತ್ತಿದ್ದಳು. ಒಂದರ ತುದಿಯಲ್ಲಿ ಅಕ್ಕಿಕಾಳಿನಷ್ಟು ಜೋಡಿ ಎಲೆ ಮೂಡಿತ್ತು. ನನ್ನನ್ನು ಕರೆದು ತೋರಿಸಿ, "ಇನ್ನೂ ಹಸಿ ಐತಿ ಅಜ್ಜಾ. ಇನ್ನ ನಾಕ ದಿನ ನೀರ ಬ್ಯಾಡ" ಅಂದಳು. "ಇಲ್ಲವ್ವಾ, ನೀನು ಹೇಳೂತನಕ ನಾ ಮುಟ್ಟೂದಿಲ್ಲ" ಅಂದೆ. ಆಗ ನಕ್ಕಳು.

ಹೋಗುವಾಗ ಒಂದನ್ನು ವಸತಿಗೃಹಕ್ಕೆ ಒಯ್ದಳು. ಇನ್ನೊಂದು ಮಗಳ ಮನೆಗೆ ಹೋಯಿತು. ಮೂರನೆಯದು ನಮ್ಮ ಕಿಟಕಿಯಲ್ಲಿದೆ. ಈಗ ಅದರ ಬುಡ ಮತ್ತೆ ಹೆಬ್ಬೆರಳಿಗಿಂತ ದಪ್ಪವಾಗಿದೆ. ಆ ಚೀನಿಮಣ್ಣಿನ ಕುಂಡದಲ್ಲಿ ನಮ್ಮ ಮನೆಯವರು ಉಪ್ಪು ತುಂಬಿ ಇಟ್ಟಿದ್ದಾರೆ.

ನಿಮ್ಮ ಮನೆಯಲ್ಲಿಯೂ ಇಂಥದೊಂದು ಗಿಡ ಜೋತು ಬಿದ್ದಿರಬಹುದು. ಈ ಪುಟ ಮಡಚಿದ ಮೇಲೆ ಎದ್ದು ಹೋಗಿ, ಬರಿಗೈಯಲ್ಲಿ ಹೋಗಿ, ಅದರ ಮಣ್ಣನ್ನು ಒಮ್ಮೆ ಮುಟ್ಟಿ ನೋಡಿರಿ.